ರೋಬೋಟ್ ಕಟ್ಟುವವರ ಪ್ರಶ್ನೆಗಳು: ಹಲಗೆ ಯಾವುದು, ನಂಬುವುದು ಯಾರನ್ನು?

ಮಳೆಗಾಲ ಶುರುವಾದ ಮೇಲೆ ಉಡುಪಿ, ಮಂಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹವ್ಯಾಸಕ್ಕಾಗಿ ರೋಬೋಟ್ ಕಟ್ಟುವವರವು. ಯಾವ ವಸ್ತುವಿನಿಂದ ಕಟ್ಟಬೇಕು ಎಂದು ಕೆಲವರು ಕೇಳಿದ್ದರೆ, ಬಿಡಿಭಾಗ ಮಾರುತ್ತೇವೆಂದು ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಿಗೆ ಬರುವವರಲ್ಲಿ ಯಾರನ್ನು ನಂಬಬೇಕು ಎಂದು ಇನ್ನು ಕೆಲವರು ಕೇಳಿದ್ದಾರೆ. ಕಳಪೆ ಸಾಮಗ್ರಿ ಮಕ್ಕಳ ಕೈ ಸೇರುವುದು ಬಹುತೇಕ ಇಂಥ ಸಂದೇಶಗಳ ದಾರಿಯಿಂದಲೇ ಆದ್ದರಿಂದ ಎರಡಕ್ಕೂ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ವಿಜ್ಞಾನ ಮೇಳಕ್ಕೆಂದು ಗೆರೆಯ ಮೇಲೆ ಸಾಗುವ ರೋಬೋಟ್ ಮಾಡಿದ್ದೇನೆ. ಚಾಸಿಯನ್ನು, ಅಂದರೆ ಅದರ ಅಡಿಕಟ್ಟನ್ನು, 3 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಕತ್ತರಿಸಿದ್ದೆ. ಜೂನ್ ತಿಂಗಳಲ್ಲಿ ಅದು ಉಬ್ಬಿ, ಬಾಗಿ, ಈಗ ಒಂದು ಚಕ್ರ ನೆಲ ಮುಟ್ಟುತ್ತಿಲ್ಲ. ಅಕ್ರಿಲಿಕ್ ಹಾಕು ಎಂದು ಕೆಲವರು, ಅಲ್ಯೂಮಿನಿಯಂ ಹಾಕು ಎಂದು ಕೆಲವರು ಹೇಳುತ್ತಾರೆ. ಯಾವುದನ್ನು ಆರಿಸಲಿ?
— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ, ಬ್ರಹ್ಮಾವರ

ಉತ್ತರ: ಎಂಡಿಎಫ್ ಎಂದರೆ ಮರದ ನಾರನ್ನು ಅಂಟಿನೊಂದಿಗೆ ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಅದರ ಮೇಲ್ಮೈ ನಯವಾಗಿರುತ್ತದೆ. ಆದರೆ ಕತ್ತರಿಸಿದ ಅಂಚೂ ಕೊರೆದ ತೂತಿನ ಒಳಮೈಯೂ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತವೆ, ಮತ್ತು ಒಮ್ಮೆ ಉಬ್ಬಿದ ನಾರು ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವ ನಮ್ಮ ಕರಾವಳಿಯಲ್ಲಿ ಆ ಹಲಗೆಯನ್ನು ಬಣ್ಣವಿಲ್ಲದೆ ಬಳಸಿದರೆ ಹೀಗಾಗುವುದು ಸಹಜ. ನಿಮ್ಮ ಕತ್ತರಿಸುವಿಕೆಯಲ್ಲಿ ಯಾವ ದೋಷವೂ ಇಲ್ಲ.

ನಿಮಗೆ ನನ್ನ ಸಲಹೆ 4 ಮಿ.ಮೀ. ಪ್ಲೈವುಡ್. ಅದರಲ್ಲಿ ತೆಳು ಮರದ ಪದರಗಳನ್ನು ಒಂದರ ನಾರು ಇನ್ನೊಂದಕ್ಕೆ ಅಡ್ಡ ಬರುವಂತೆ ಅಂಟಿಸಿರುತ್ತಾರೆ. ಹಾಗಾಗಿ ಅದು ಯಾವ ದಿಕ್ಕಿಗೂ ಸುಲಭವಾಗಿ ಬಾಗುವುದಿಲ್ಲ. ಹಲಗೆಯ ಮೇಲಿನ ಮುದ್ರೆ ನೋಡಿ ಕೊಳ್ಳಿ: ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್, ಐಎಸ್ 710 ನೀರನ್ನು ತಡೆಯುವ ಮರೈನ್ ಪ್ಲೈವುಡ್. ಪೂರ್ತಿ ಹಾಳೆ ಕೊಳ್ಳುವ ಅಗತ್ಯವೇ ಇಲ್ಲ. ಪೀಠೋಪಕರಣ ಮಾಡುವ ಯಾವ ಬಡಗಿಯ ಬಳಿ ಕೇಳಿದರೂ ನಿಮ್ಮ ರೋಬೋಟಿಗೆ ಸಾಕಾಗುವ ತುಂಡು ಸಿಗುತ್ತದೆ. ಕತ್ತರಿಸಿ, ತೂತು ಕೊರೆದು, ಅಂಚಿಗೆ ಮರಳು ಕಾಗದ ಹಾಕಿದ ಮೇಲೆ ಎರಡು ಬಾರಿ ವಾರ್ನಿಷ್ ಬಳಿಯಿರಿ. ತೂತುಗಳ ಒಳಗೂ ತೆಳು ಕುಂಚದಿಂದ ಬಳಿಯುವುದನ್ನು ಮರೆಯಬೇಡಿ, ಏಕೆಂದರೆ ತೇವ ಮೊದಲು ಹೊಕ್ಕುವುದು ಅಲ್ಲಿಯೇ.

ತೂಕದ ಲೆಕ್ಕವನ್ನೂ ನೋಡಿ. 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಚಾಸಿ 4 ಮಿ.ಮೀ. ಪ್ಲೈವುಡ್‌ನದ್ದಾದರೆ ಸುಮಾರು 70 ಗ್ರಾಂ ತೂಗುತ್ತದೆ, ಅದೇ ದಪ್ಪದ ಅಕ್ರಿಲಿಕ್ ಸುಮಾರು 140 ಗ್ರಾಂ, 2 ಮಿ.ಮೀ. ಅಲ್ಯೂಮಿನಿಯಂ ತಗಡು ಸುಮಾರು 160 ಗ್ರಾಂ. ಶಾಲಾ ಮಕ್ಕಳು ಬಳಸುವ ಹಳದಿ ಬಣ್ಣದ ಬಿಒ, ಅಂದರೆ ಬ್ಯಾಟರಿಯಿಂದ ಓಡುವ, ಮೋಟರಿನೊಳಗಿನ ಗಿಯರುಗಳು ಪ್ಲಾಸ್ಟಿಕ್ಕಿನವು. ಹೊರೆ ಕಡಿಮೆಯಿದ್ದಷ್ಟೂ ಅವು ಹೆಚ್ಚು ಕಾಲ ಬಾಳುತ್ತವೆ, ತಿರುವಿನಲ್ಲಿ ರೋಬೋಟ್ ಗೆರೆ ತಪ್ಪುವುದೂ ಕಡಿಮೆಯಾಗುತ್ತದೆ.

ಅಕ್ರಿಲಿಕ್ ನೋಡಲು ಚೆಂದ, ಸೈನ್‌ಬೋರ್ಡ್ ಮಾಡುವ ಅಂಗಡಿಗಳಲ್ಲಿ ಲೇಸರ್‌ನಿಂದ ಕತ್ತರಿಸಿಯೂ ಕೊಡುತ್ತಾರೆ. ಆದರೆ ಅದಕ್ಕೆ ಬಿರುಕು ಬಿಡುವ ಗುಣವಿದೆ. ಡ್ರಿಲ್ ಮಾಡುವಾಗ ಅಡಿಯಲ್ಲಿ ಮರದ ತುಂಡು ಇಟ್ಟು, ಒತ್ತದೆ, ನಿಧಾನವಾಗಿ ಕೊರೆಯಬೇಕು. ತೂತನ್ನು ಅಂಚಿಗೆ ತೀರ ಹತ್ತಿರ ಹಾಕಬಾರದು. ಲೇಸರ್‌ನಲ್ಲಿ ಕತ್ತರಿಸಿದ ಅಂಚನ್ನು ಸ್ಪಿರಿಟ್ ಅಥವಾ ತಿನ್ನರ್‌ನಿಂದ ಒರೆಸಬಾರದು, ಒರೆಸಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಅದೇ ಅಂಗಡಿಗಳಲ್ಲಿ ಸನ್‌ಬೋರ್ಡ್ ಎಂಬ ಹೆಸರಿನಲ್ಲಿ ಸಿಗುವ ಪಿವಿಸಿ ಫೋಮ್ ಹಾಳೆಯೂ ಒಳ್ಳೆಯ ಆಯ್ಕೆ. ಅದಕ್ಕೆ ನೀರಿನ ಭಯವಿಲ್ಲ, ಕಟರ್ ಬ್ಲೇಡಿನಿಂದಲೇ ಕತ್ತರಿಸಬಹುದು. ಸ್ಕ್ರೂ ಬಿಗಿದಲ್ಲಿ ಅದು ಕುಸಿಯುವುದರಿಂದ ಎರಡೂ ಬದಿಗೆ ಅಗಲವಾದ ವಾಷರ್ ಹಾಕಿ. ಆದರೆ ಪಿವಿಸಿಯನ್ನು ಲೇಸರ್‌ನಲ್ಲಿ ಕತ್ತರಿಸಲು ಯಾರಿಗೂ ಕೊಡಬೇಡಿ. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಅದು ಶ್ವಾಸಕೋಶಕ್ಕೂ ಅಪಾಯ, ಯಂತ್ರಕ್ಕೂ ಹಾನಿ.

ಅಲ್ಯೂಮಿನಿಯಂ ಬೇಕಾಗುವುದು ಭಾರ ಎತ್ತುವ ರೋಬೋಟಿಗೆ. ಕಿಟಕಿ ಮಾಡುವವರ ಬಳಿ ಉಳಿದ ಆ್ಯಂಗಲ್ ತುಂಡುಗಳು ಅದಕ್ಕೆ ಸಾಕು. ಸರ್ಕ್ಯೂಟ್ ಬೋರ್ಡಿನ ಅಡಿಭಾಗ ಲೋಹಕ್ಕೆ ತಾಗಿದರೆ ಶಾರ್ಟ್ ಆಗುವುದರಿಂದ ನೈಲಾನ್ ಸ್ಪೇಸರ್ ಕಡ್ಡಾಯ. ತ್ರೀಡಿ ಪ್ರಿಂಟ್ ಮಾಡಿಸುವುದಾದರೆ, ಅದಕ್ಕೆ ಬಳಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ ಎಂಬುದು ನೆನಪಿರಲಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಪಿಎಲ್‌ಎ ಚಾಸಿ ಸೊಟ್ಟಗಾಗಬಹುದು. ಸುಮಾರು 80 ಡಿಗ್ರಿವರೆಗೆ ತಡೆಯುವ ಪಿಇಟಿಜಿ ಪ್ಲಾಸ್ಟಿಕ್ ನಮ್ಮ ಹವೆಗೆ ಮೇಲು.

ಪ್ರಶ್ನೆ: ಮನೆ ಸಮುದ್ರಕ್ಕೆ ಹತ್ತಿರ. ರೋಬೋಟಿನ ಸ್ಕ್ರೂಗಳೆಲ್ಲ ಕೆಲವೇ ವಾರಗಳಲ್ಲಿ ತುಕ್ಕು ಹಿಡಿಯುತ್ತವೆ. ಏನು ಮಾಡಲಿ?
— ಓದುಗರೊಬ್ಬರು, ಮಲ್ಪೆ

ಉತ್ತರ: ನಿಮ್ಮಲ್ಲಿರುವುದು ಸತುವಿನ ಲೇಪವಿರುವ ಕಬ್ಬಿಣದ ಸ್ಕ್ರೂಗಳಿರಬೇಕು. ಉಪ್ಪಿನ ಗಾಳಿಗೆ ಆ ಲೇಪ ಬೇಗ ಸೋಲುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಎಂ3 (3 ಮಿ.ಮೀ. ವ್ಯಾಸದ) ಸ್ಕ್ರೂ ಕೇಳಿ. ದೋಣಿಗಳಿಗೆ ಬಳಸುವ 316 ದರ್ಜೆಯಲ್ಲಿ ಮಾಲಿಬ್ಡಿನಂ ಇರುವುದರಿಂದ ಅದು ಇನ್ನೂ ಹೆಚ್ಚು ತಾಳುತ್ತದೆ. ಮಲ್ಪೆಯಲ್ಲಿ ದೋಣಿ ದುರಸ್ತಿ ಮಾಡುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು, ಅವರಲ್ಲಿ ವಿಚಾರಿಸಿ. ಸ್ಟೇನ್‌ಲೆಸ್ ಸ್ಕ್ರೂವನ್ನು ಅಲ್ಯೂಮಿನಿಯಂಗೆ ನೇರವಾಗಿ ಬಿಗಿದರೆ ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ, ಆದ್ದರಿಂದ ನಡುವೆ ನೈಲಾನ್ ವಾಷರ್ ಇರಲಿ. ಬಳಸದ ದಿನಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಪ್ರಶ್ನೆ: ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ಒಬ್ಬರು 9,900 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಸಾಮರ್ಥ್ಯದ 18650 ಲಿಥಿಯಂ ಸೆಲ್‌ಗಳನ್ನು ಅಂಗಡಿಯ ದರದ ಅರ್ಧಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಒಂದೇ ಸೆಲ್‌ನಲ್ಲಿ ರೋಬೋಟ್ ಮೂರು ಪಟ್ಟು ಹೊತ್ತು ಓಡುತ್ತದಂತೆ. ಕೊಳ್ಳಬಹುದೇ?
— ಡಿಪ್ಲೊಮಾ ವಿದ್ಯಾರ್ಥಿ, ಕಂಕನಾಡಿ, ಮಂಗಳೂರು

ಉತ್ತರ: ಖಂಡಿತ ಕೊಳ್ಳಬೇಡಿ. 18650 ಎಂಬ ಸಂಖ್ಯೆಯೇ ಸೆಲ್‌ನ ಅಳತೆ: 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದ. ಅಷ್ಟು ಜಾಗದಲ್ಲಿ ಹೆಸರಾಂತ ತಯಾರಕರೇ ತುಂಬಿಸಬಲ್ಲ ಸಾಮರ್ಥ್ಯ ಸುಮಾರು 3,500 ಎಂಎಎಚ್. ಅದೇ ಗಾತ್ರದ ಡಬ್ಬಿಯ ಮೇಲೆ 9,900 ಎಂದು ಅಚ್ಚು ಹಾಕಿದ್ದರೆ, ಅದನ್ನು ಮಾರುವವನಿಗೆ ಸೆಲ್‌ನ ಬಗ್ಗೆ ಏನೂ ತಿಳಿದಿಲ್ಲ, ಇಲ್ಲವೇ ತಿಳಿದೇ ಮೋಸ ಮಾಡುತ್ತಿದ್ದಾನೆ. ಎರಡೂ ಸಂದರ್ಭದಲ್ಲಿ ಅವನಿಂದ ಲಿಥಿಯಂ ಸೆಲ್ ಕೊಳ್ಳುವುದು ಅಪಾಯ.

ಇದನ್ನು ಕಂಡುಹಿಡಿಯುವ ಅತ್ಯಂತ ಸರಳ ಉಪಾಯ ತೂಕ. ಒಳ್ಳೆಯ 18650 ಸೆಲ್ ಸುಮಾರು 45 ಗ್ರಾಂ ಇರುತ್ತದೆ. ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿ. ಮೂವತ್ತರ ಆಸುಪಾಸಿನಲ್ಲಿ ನಿಂತರೆ ಒಳಗೆ ಇರಬೇಕಾದ ಪದಾರ್ಥ ಇಲ್ಲವೆಂದೇ ತಿಳಿಯಿರಿ. ಮಾರುವವರಿಗೆ ಸೆಲ್ಲನ್ನು ತಕ್ಕಡಿಯ ಮೇಲಿಟ್ಟು, ಪಕ್ಕದಲ್ಲಿ ನಿಮ್ಮ ಗುಂಪಿನ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟು ಫೋಟೊ ಕಳುಹಿಸಲು ಹೇಳಿ. ಸೆಲ್ ಕೈಯಲ್ಲಿರುವ ವ್ಯಾಪಾರಿಗೆ ಇದು ಎರಡು ನಿಮಿಷದ ಕೆಲಸ. ಎಲ್ಲಿಂದಲೋ ಚಿತ್ರ ತೆಗೆದು ಹಾಕುವವನು ಮಾತ್ರ ಸಿಟ್ಟಾಗುತ್ತಾನೆ, ಸ್ಟಾಕ್ ಮುಗಿಯುತ್ತಿದೆ ಎನ್ನುತ್ತಾನೆ, ಅಥವಾ ಪ್ರಶ್ನೆಯನ್ನೇ ನುಂಗಿ ಮತ್ತೆ ಅದೇ ಜಾಹೀರಾತನ್ನು ಅಂಟಿಸುತ್ತಾನೆ.

ಒಳ್ಳೆಯ ಸೆಲ್ ತಂದ ಮೇಲೂ ಜಾಗ್ರತೆ ಬೇಕು. ಪೂರ್ತಿ ಚಾರ್ಜ್ ಆದಾಗ ಅದರ ವೋಲ್ಟೇಜ್ 4.2, ಅದನ್ನು ಮೀರಬಾರದು, 3 ವೋಲ್ಟ್‌ಗಿಂತ ಕೆಳಗೂ ಇಳಿಸಬಾರದು. ಈ ಎರಡು ಮಿತಿಗಳನ್ನು ಕಾಯುವ ರಕ್ಷಣಾ ಸರ್ಕ್ಯೂಟ್, ಅಂದರೆ ಬಿಎಂಎಸ್, ಇಲ್ಲದೆ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ ಚಾರ್ಜ್ ಮಾಡಬೇಡಿ. ಚಾರ್ಜಿಗೆ ಇಡುವುದು ಹಾಸಿಗೆ, ಪುಸ್ತಕಗಳ ಬಳಿ ಬೇಡ. ಕಲ್ಲಿನ ಅಥವಾ ಟೈಲ್ಸಿನ ನೆಲದ ಮೇಲೆ, ಮನೆಯಲ್ಲಿ ಯಾರಾದರೂ ಎಚ್ಚರವಿರುವಾಗ ಮಾತ್ರ ಇಡಿ. ಬ್ಯಾಟರಿಯಿಂದ ಮೋಟರಿಗೆ ವಿದ್ಯುತ್ ಹರಿಸುವ ಸರ್ಕ್ಯೂಟ್ ಆದ ಎಲ್298ಎನ್ ಮೋಟರ್ ಡ್ರೈವರ್ ತನ್ನೊಳಗೇ ಸುಮಾರು 2 ವೋಲ್ಟ್ ಕಳೆಯುತ್ತದೆ. ಎರಡು ಸೆಲ್‌ಗಳ 7.4 ವೋಲ್ಟ್‌ನಲ್ಲಿ ಮೋಟರಿಗೆ ತಲುಪುವುದು ಐದೂವರೆಯ ಆಸುಪಾಸು. 3ರಿಂದ 6 ವೋಲ್ಟ್‌ನ ಬಿಒ ಮೋಟರಿಗೆ ಅದು ಹದವಾಗಿದೆ. ಒಂದೇ ಸೆಲ್‌ನಲ್ಲಿ ಮೂರು ಪಟ್ಟು ಓಡುತ್ತದೆ ಎಂದವನಿಗೆ ನೀವು ಬಳಸುವ ಡ್ರೈವರ್ ಯಾವುದೆಂಬುದೇ ಗೊತ್ತಿರಲಿಲ್ಲ, ಕೇಳಲೂ ಇಲ್ಲ ಎಂಬುದನ್ನು ಗಮನಿಸಿ.

ಪ್ರಶ್ನೆ: ನನ್ನ ಹದಿನಾಲ್ಕು ವರ್ಷದ ಮಗ ರೋಬೋಟ್ ಹವ್ಯಾಸಿಗಳ ಎರಡು ಮೂರು ಆನ್‌ಲೈನ್ ಗುಂಪುಗಳಲ್ಲಿದ್ದಾನೆ. ಅವುಗಳಲ್ಲಿ ಕಲಿಯುವುದೂ ಬಹಳವಿದೆ, ಕಸವೂ ಬಹಳ ಬರುತ್ತದೆ. ಯಾವುದು ಸ್ಪ್ಯಾಮ್, ಯಾವುದು ನಿಜವಾದ ಸಹಾಯ ಎಂದು ಅವನಿಗೆ ಹೇಗೆ ತಿಳಿಸಲಿ? ನನಗೆ ಈ ತಂತ್ರಜ್ಞಾನ ಅಷ್ಟಾಗಿ ತಿಳಿಯದು.
— ತಾಯಿಯೊಬ್ಬರು, ಮಣಿಪಾಲ

ಉತ್ತರ: ತಂತ್ರಜ್ಞಾನ ತಿಳಿಯದಿದ್ದರೂ ನೀವಿದನ್ನು ಕಲಿಸಬಲ್ಲಿರಿ, ಅಮ್ಮ. ಒಂದು ಉದಾಹರಣೆ ನೋಡೋಣ. "ಸರ್ವೋ ಮೋಟರ್ ನಡುಗುತ್ತಿದೆ, ಆರ್ಡುಯಿನೊದ 5 ವೋಲ್ಟ್ ಪಿನ್‌ನಿಂದಲೇ ವಿದ್ಯುತ್ ಕೊಟ್ಟಿದ್ದೇನೆ" ಎಂದು ಒಬ್ಬ ಹುಡುಗ ಬರೆಯುತ್ತಾನೆ ಎಂದುಕೊಳ್ಳಿ. ಅದಕ್ಕೆ ಎರಡು ಉತ್ತರ ಬರುತ್ತವೆ. ಮೊದಲನೆಯದು: "ತುಂಬಾ ಉಪಯುಕ್ತ ವಿಷಯ ಹಂಚಿಕೊಂಡಿದ್ದೀರಿ, ಉತ್ತಮ ಗುಣಮಟ್ಟದ ಸಾಮಗ್ರಿಗೆ ಈ ಕೊಂಡಿ ಒತ್ತಿ." ಎರಡನೆಯದು: "ಸರ್ವೋಗೆ ಬೇರೆಯೇ 5 ವೋಲ್ಟ್ ಸಪ್ಲೈ ಕೊಡು, ಎರಡರ ಗ್ರೌಂಡ್ ಸೇರಿಸು, ಸಪ್ಲೈಗೆ ಅಡ್ಡಲಾಗಿ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕು." ಮೊದಲನೆಯ ಉತ್ತರವನ್ನು ಕತ್ತರಿಸಿ ಅಡಿಕೆಯ ಕೊಳೆರೋಗದ ಪ್ರಶ್ನೆಯ ಕೆಳಗೆ ಅಂಟಿಸಿ ನೋಡಿ, ಅಲ್ಲಿಯೂ ಹೊಂದುತ್ತದೆ. ಎರಡನೆಯದು ಆ ಹುಡುಗನ ಪ್ರಶ್ನೆಯ ಕೆಳಗೆ ಬಿಟ್ಟರೆ ಬೇರೆಲ್ಲೂ ಕೂರುವುದಿಲ್ಲ. ಮಗನಿಗೆ ಈ ಒಂದು ಪರೀಕ್ಷೆಯನ್ನು ಅಭ್ಯಾಸ ಮಾಡಿಸಿ. ಬಹುಪಾಲು ಸ್ಪ್ಯಾಮ್ ಇದರಲ್ಲೇ ಸಿಕ್ಕಿಬೀಳುತ್ತದೆ.

ರೋಬೋಟಿನ ಚರ್ಚೆಯ ನಡುವೆ ಚಪ್ಪಲಿ ಅಂಗಡಿಯ ಕೊಂಡಿ ಯಾಕೆ ಬರುತ್ತದೆ ಎಂದು ನಿಮಗೆ ಅನಿಸಿರಬಹುದು. ಒಂದು ತಾಣಕ್ಕೆ ಎಷ್ಟು ಕಡೆಯಿಂದ ಕೊಂಡಿಗಳಿವೆ ಎಂಬುದನ್ನು ಹುಡುಕುಯಂತ್ರಗಳು ಅದರ ಸ್ಥಾನ ನಿರ್ಧರಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆದ್ದರಿಂದ ಸಾರ್ವಜನಿಕ ಚರ್ಚೆ ನಡೆಯುವ ಪುಟಗಳಲ್ಲಿ ಕೊಂಡಿ ತುರುಕಲೆಂದೇ ಕೆಲವರು ತಂತ್ರಾಂಶ ಬರೆದು ಬಿಟ್ಟಿರುತ್ತಾರೆ. ಇದನ್ನು ತಡೆಯಲೆಂದು 2005ರಲ್ಲಿ ಗೂಗಲ್ ಮತ್ತಿತರ ಹುಡುಕುಯಂತ್ರಗಳು ಅಂಥ ಕೊಂಡಿಗಳನ್ನು ಲೆಕ್ಕಕ್ಕೆ ಹಿಡಿಯದಂತೆ ಸೂಚಿಸುವ ನೋಫಾಲೊ ಎಂಬ ಗುರುತನ್ನು ಜಾರಿಗೆ ತಂದವು. ಹಾಗಿದ್ದರೂ ಕಳುಹಿಸುವವರಿಗೆ ಖರ್ಚೇ ಇಲ್ಲದ ಕಾರಣ ಹಾವಳಿ ನಿಂತಿಲ್ಲ.

ಭಾಷೆಯ ತಪ್ಪುಗಳನ್ನು ನೋಡಿ ಸ್ಪ್ಯಾಮ್ ಗುರುತಿಸಿ ಎಂಬ ಹಳೆಯ ಸಲಹೆಯನ್ನು ಈಗ ನೆಚ್ಚಬೇಡಿ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಮೋಸಗಾರರೂ ತಪ್ಪಿಲ್ಲದ ಕನ್ನಡ ಬರೆಯಿಸುತ್ತಾರೆ. ಅದೇ ಹೊತ್ತಿಗೆ ತುಳು, ಕೊಂಕಣಿ, ಬ್ಯಾರಿ ಮನೆಮಾತಿನ ಮಗುವೊಂದು ತಡವರಿಸುತ್ತ ಬರೆದ ಕನ್ನಡದ ಹಿಂದೆ ಅಪ್ಪಟ ಪ್ರಶ್ನೆಯೊಂದು ಇರಬಹುದು. ಭಾಷೆಗಿಂತ ನಡವಳಿಕೆಯನ್ನು ಗಮನಿಸಲು ಹೇಳಿ: ಗುಂಪಿಗೆ ಸೇರಿದ ಕೂಡಲೇ ಕೊಂಡಿ ಹಾಕುವುದು, ಒಂದೇ ಸಂದೇಶವನ್ನು ಹಲವು ಗುಂಪುಗಳಲ್ಲಿ ಅಂಟಿಸುವುದು, ಎಲ್ಲರೆದುರು ಮಾತನಾಡದೆ ಖಾಸಗಿ ಚಾಟ್‌ಗೆ ಕರೆಯುವುದು, ಇವತ್ತೇ ಕೊನೆಯ ದಿನ ಎಂದು ಅವಸರಪಡಿಸುವುದು.

ಕೊಂಡಿಯ ವಿಳಾಸದಲ್ಲಿ ಹೆಸರಾಂತ ಅಂಗಡಿಯ ಹೆಸರು ಆರಂಭದಲ್ಲಿದ್ದ ಮಾತ್ರಕ್ಕೆ ಅದು ಅವರದ್ದೇ ಆಗಿರುವುದಿಲ್ಲ. ಎಚ್‌ಟಿಟಿಪಿಎಸ್ ಎಂಬುದರ ನಂತರ ಬರುವ ಮೊದಲ ಒಂಟಿ ಓರೆಗೆರೆಯವರೆಗೆ ಓದಿ, ಆ ಗೆರೆಗೆ ತಾಗಿಕೊಂಡು ಎಡಕ್ಕಿರುವ, .com ಅಥವಾ .in ಮುಂತಾಗಿ ಕೊನೆಯಾಗುವ ಹೆಸರೇ ತಾಣದ ನಿಜವಾದ ಒಡೆಯ. ರೋಬೋಟ್ ಆ್ಯಪ್, ದರಪಟ್ಟಿ, ಮದುವೆ ಕರೆಯೋಲೆ ಎಂದೆಲ್ಲ ಹೇಳಿ ಕಳುಹಿಸುವ ಎಪಿಕೆ ಕಡತವನ್ನು, ಅಂದರೆ ಆ್ಯಂಡ್ರಾಯ್ಡ್ ಆ್ಯಪ್ ಅಳವಡಿಸುವ ಕಡತವನ್ನು, ಯಾವ ಕಾರಣಕ್ಕೂ ಫೋನಿನಲ್ಲಿ ಅಳವಡಿಸಬಾರದು. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಿಲ್ಲ. ಹಣ ಬರಲಿದೆ, ಪಿನ್ ಒತ್ತಿ ಎಂದವರು ವಂಚಕರೇ. ಇನ್ನೊಂದು ಮಾತನ್ನು ತಾಯಿಯಾದ ನಿಮಗೇ ಹೇಳಬೇಕು. ಮಗ ಒಮ್ಮೆ ತಪ್ಪು ಕೊಂಡಿ ಒತ್ತಿ ಬಂದು ಹೇಳಿದರೆ ದಯವಿಟ್ಟು ಬೈಯಬೇಡಿ. ಬೈಗುಳಕ್ಕೆ ಹೆದರಿದ ಮಗು ಮುಂದಿನ ಸಲ ಮುಚ್ಚಿಡುತ್ತದೆ, ಅಪರಿಚಿತರಿಗೆ ಬೇಕಾಗಿರುವುದೂ ಅದೇ.

ಪ್ರಶ್ನೆ: ಸುಮಾರು ಇನ್ನೂರು ಜನರ ರೋಬೋಟ್ ಗುಂಪಿನ ಅಡ್ಮಿನ್ ನಾನು. ಸ್ಪ್ಯಾಮ್ ತಡೆಯಲು ಕಟ್ಟುನಿಟ್ಟು ಮಾಡಿದರೆ ಹೊಸಬರು ಹೆದರುತ್ತಾರೆ, ಸಡಿಲ ಬಿಟ್ಟರೆ ಹಳಬರು ಗುಂಪು ಬಿಡುತ್ತಾರೆ. ಮಾರುವವರನ್ನು ಪೂರ್ತಿ ನಿಷೇಧಿಸಲೇ?
— ಓದುಗರೊಬ್ಬರು, ಸುರತ್ಕಲ್

ಉತ್ತರ: ಮಾರುವವರನ್ನು ನಿಷೇಧಿಸಬೇಡಿ. ಊರಿನಲ್ಲೇ ಒಬ್ಬರ ಬಳಿ ಉಳಿದ ಮೋಟರ್ ಇನ್ನೊಬ್ಬರಿಗೆ ಸಿಗುವುದು ಇಂಥ ಗುಂಪುಗಳಿಂದಲೇ. ಮಾರಾಟದ ಸಂದೇಶದಲ್ಲಿ ಬೆಲೆ, ತಾವೇ ತೆಗೆದ ಫೋಟೊ ಮತ್ತು ಊರಿನ ಹೆಸರು ಇರಲೇಬೇಕು ಎಂಬ ನಿಯಮ ಸಾಕು. ಅಂಗಡಿ ಎಂದು ಹೇಳಿಕೊಳ್ಳುವವರಿಂದ ಜಿಎಸ್‌ಟಿ ಸಂಖ್ಯೆ ಕೇಳಿ. ಅದರಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ, ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕದ್ದು 29. ಮಂಗಳೂರಿನ ಹಂಪನಕಟ್ಟೆಯಲ್ಲಿ ಅಂಗಡಿ ಇದೆ ಎನ್ನುವವರ ಸಂಖ್ಯೆ ಬೇರೆ ರಾಜ್ಯದ ಸಂಕೇತದಿಂದ ಆರಂಭವಾದರೆ ವಿವರಣೆ ಕೇಳಬೇಕು. ಜಿಎಸ್‌ಟಿ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ನೋಂದಾಯಿತ ಹೆಸರು ಕಾಣುತ್ತದೆ. ಸಣ್ಣ ವಹಿವಾಟಿನವರಿಗೆ ನೋಂದಣಿ ಕಡ್ಡಾಯವಲ್ಲ. ಅವರಿಂದ ಕೊಳ್ಳುವುದಾದರೆ ಎದುರಾ ಎದುರು ನೋಡಿ ಹಣ ಕೊಡಲಿ.

ಹೊಸ ಸದಸ್ಯರು ನಿಮ್ಮ ಒಪ್ಪಿಗೆಯ ನಂತರವೇ ಸೇರುವಂತೆ ಮಾಡಿ, ಸೇರುವ ಮುನ್ನ ಒಂದೇ ಪ್ರಶ್ನೆ ಕೇಳಿ: ಈಗ ಏನು ಕಟ್ಟುತ್ತಿದ್ದೀರಿ, ಅಥವಾ ಏನು ಕಟ್ಟಬೇಕೆಂದಿದ್ದೀರಿ? "ಏನೂ ಗೊತ್ತಿಲ್ಲ, ಕಲಿಯಬೇಕು" ಎಂಬುದೂ ಒಳ್ಳೆಯ ಉತ್ತರವೇ. ಅಂಥವರನ್ನು ಸಂತೋಷದಿಂದ ಸೇರಿಸಿಕೊಳ್ಳಿ. ಸ್ಪ್ಯಾಮ್ ಬಂದರೆ ವಾದಕ್ಕಿಳಿಯದೆ ಅಳಿಸಿ, ರಿಪೋರ್ಟ್ ಮಾಡಿ, ಕಳುಹಿಸಿದವರನ್ನು ಗುಂಪಿನಿಂದ ತೆಗೆದುಹಾಕಿ. ಎಚ್ಚರಿಸುವ ಸದುದ್ದೇಶದಿಂದಲೂ ಆ ಕೊಂಡಿಯನ್ನು ಮತ್ತೆ ಹಂಚಬೇಡಿ.

ಪ್ರಶ್ನೆ: ಮಗಳ ರೋಬೋಟ್ ಕಿಟ್‌ಗಾಗಿ ಗುಂಪಿನಲ್ಲಿ ಸಿಕ್ಕವರಿಗೆ ಯುಪಿಐ ಮೂಲಕ ಮುಂಗಡ ಕಳುಹಿಸಿದೆ. ಈಗ ಅವರ ಫೋನ್ ಸ್ವಿಚ್ ಆಫ್. ಹಣ ಹೋದಂತೆಯೇ?
— ತಂದೆಯೊಬ್ಬರು, ಕಾರ್ಕಳ

ಉತ್ತರ: ಈ ಪತ್ರಕ್ಕೆ ಅಂಚೆಯಲ್ಲೇ ಉತ್ತರಿಸಿದ್ದೇನೆ, ಇತರರಿಗೂ ಬೇಕಾಗುವುದರಿಂದ ಇಲ್ಲಿ ಕೊಡುತ್ತಿದ್ದೇನೆ. ಇಂಥದ್ದು ನಡೆದ ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ, ಆದ್ದರಿಂದ ನಾಳೆಗೆ ಮುಂದೂಡಬೇಡಿ. ವಹಿವಾಟಿನ ಸಂಖ್ಯೆ, ಚಾಟ್‌ನ ಸ್ಕ್ರೀನ್‌ಶಾಟ್, ಅವರ ಯುಪಿಐ ವಿಳಾಸ ಇವನ್ನು ಕಾಪಾಡಿಕೊಳ್ಳಿ. ಅವಮಾನವೆಂದು ಚಾಟ್ ಅಳಿಸಬೇಡಿ, ಗುಂಪಿನಿಂದ ಹೊರಬರಬೇಡಿ. ಬ್ಯಾಂಕಿಗೂ ತಿಳಿಸಿ, ಉಡುಪಿ ಅಥವಾ ಮಂಗಳೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಕಳೆದ ಹಣ ವಾಪಸ್ ಕೊಡಿಸುತ್ತೇನೆ, ಶುಲ್ಕ ಕೊಡಿ ಎಂದು ಕರೆ ಬಂದರೆ ಅದು ಎರಡನೆಯ ವಂಚನೆ.

ಪ್ರಶ್ನೆ: ಕಿಟ್ ಕೊಳ್ಳುವಷ್ಟು ಹಣವಿಲ್ಲ. ಗುಜರಿ ಅಂಗಡಿಯ ಸಾಮಾನಿನಿಂದ ರೋಬೋಟ್ ಕಟ್ಟಬಹುದೇ?
— ಪಿಯುಸಿ ವಿದ್ಯಾರ್ಥಿ, ಬಂಟ್ವಾಳ

ಉತ್ತರ: ಧಾರಾಳವಾಗಿ ಕಟ್ಟಬಹುದು. ಗುಜರಿಯಲ್ಲಿ ವಸ್ತು ಕೈಯಲ್ಲೇ ಇರುವುದರಿಂದ ಆನ್‌ಲೈನ್ ಮೋಸದ ಭಯವೂ ಇಲ್ಲ. ಹಳೆಯ ಪ್ರಿಂಟರ್ ಒಂದನ್ನು ತೂಕದ ಲೆಕ್ಕದಲ್ಲಿ ಕೊಳ್ಳಿ. ಅದರೊಳಗೆ ಮೋಟರುಗಳು, ನಯವಾದ ಉಕ್ಕಿನ ಸರಳು, ಹಲ್ಲಿನ ಬೆಲ್ಟ್, ಗಿಯರುಗಳು ಮತ್ತು ಕೈತುಂಬ ಸ್ಕ್ರೂಗಳು ಸಿಗುತ್ತವೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ತಂತಿಗಳಿರುವ ಮೋಟರ್ ಸ್ಟೆಪ್ಪರ್, ಅಂದರೆ ಹಂತ ಹಂತವಾಗಿ ತಿರುಗುವ ಮೋಟರ್, ಆಗಿರುವ ಸಂಭವ ಹೆಚ್ಚು, ಅದಕ್ಕೆ ಬೇರೆ ಬಗೆಯ ಡ್ರೈವರ್ ಬೇಕು. ಎರಡೇ ತಂತಿಯದ್ದು ಸಾಮಾನ್ಯ ಡಿಸಿ ಮೋಟರ್. ಸಿಡಿ ಡ್ರೈವ್‌ನಲ್ಲಿಯೂ ಸಣ್ಣ ಮೋಟರುಗಳಿವೆ. ಮೈಕ್ರೊವೇವ್ ಒವನ್ ಮತ್ತು ಹಳೆಯ ಡಬ್ಬಿ ಟಿವಿಗಳನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅವುಗಳೊಳಗೆ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಒಡೆದು ಸೆಲ್ ತೆಗೆಯುವ ಕೆಲಸಕ್ಕೂ ಒಬ್ಬರೇ ಕೈ ಹಾಕಬೇಡಿ, ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರನ್ನು ಜೊತೆಗೆ ಕರೆದುಕೊಳ್ಳಿ. ಮೋಟರ್ ಸಿಕ್ಕಿದ ಮೇಲೆ ಅದರ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಬರೆದು ಕಳುಹಿಸಿ. ಯಾವ ಡ್ರೈವರ್ ಹೊಂದುತ್ತದೆ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ.